ಪಾಪಿ ಅಂದವರು ಯಾರು, ಪುಣ್ಯವಂತ ಅಂದವರು ಯಾರು?

2025ರ ನವೆಂಬರ್‌ನಲ್ಲಿ ಟೆಹ್ರಾನಿನ ಎಂಘೆಲಾಬ್ ಚೌಕದಲ್ಲಿ ಒಂದು ಪ್ರತಿಮೆ ಎದ್ದು ನಿಂತಿತು. ಪರ್ಷಿಯಾದ ದೊರೆ ಮೊದಲನೇ ಶಾಪುರ್, ಅವನ ಮುಂದೆ ಮಂಡಿಯೂರಿದ ರೋಮನ್ ಚಕ್ರವರ್ತಿ ವಲೇರಿಯನ್. ವಲೇರಿಯನ್ ಸೆರೆ ಸಿಕ್ಕಿದ್ದು ಕ್ರಿ.ಶ. 260ರಲ್ಲಿ. ಆ ಗೆಲುವನ್ನು ಶಾಪುರ್ ಆಗಲೇ ನಕ್ಷ್-ಎ-ರೊಸ್ತಮ್‌ನ ಬಂಡೆಯಲ್ಲಿ ಕೆತ್ತಿಸಿದ್ದ. ಈಗ ಅದೇ ಕಥೆ ಪೇಟೆ ಮಧ್ಯಕ್ಕೆ ಬಂತು.

ಸುದ್ದಿ ಓದಿದವರಿಗೆ ತಲೆ ಕೆರೆದುಕೊಳ್ಳುವಂತಾದರೆ ಆಶ್ಚರ್ಯವಿಲ್ಲ. ಇರಾನ್ ಇಸ್ಲಾಮಿಕ್ ಗಣರಾಜ್ಯ. ಶಾಪುರ್ ಇಸ್ಲಾಂ ಹುಟ್ಟುವುದಕ್ಕೆ ಸುಮಾರು ಮುನ್ನೂರೈವತ್ತು ವರ್ಷ ಮೊದಲಿನವನು. ನಮ್ಮ ಪಾರ್ಸಿಗಳು ಇವತ್ತಿಗೂ ನಡೆಸಿಕೊಂಡು ಬಂದಿರುವ ಜರತುಷ್ಟ್ರ ಧರ್ಮದವನು. ಸಾಲದ್ದಕ್ಕೆ ರಾಜ ಬೇರೆ. ಎಂಘೆಲಾಬ್ ಅಂದರೆ ಕ್ರಾಂತಿ. ಮೆರವಣಿಗೆಯಲ್ಲಿ ಕೂಗುವ ಇನ್‌ಕ್ವಿಲಾಬ್ ಅದೇ ಪದ. ರಾಜನನ್ನು ಓಡಿಸಿದ 1979ರ ಕ್ರಾಂತಿಯ ಹೆಸರಿರುವ ಚೌಕದಲ್ಲೇ ರಾಜನ ಪ್ರತಿಮೆ!

ಅದಕ್ಕೆ ಉತ್ತರ ಕಷ್ಟದ್ದೇನಲ್ಲ. ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲ್ ಜೊತೆ ಹನ್ನೆರಡು ದಿನ ಯುದ್ಧ ನಡೆದಿತ್ತು. ದೇಶವನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳಲು ಧರ್ಮ ಒಂದೇ ಸಾಲದು ಅನ್ನಿಸಿದಾಗ ಸರ್ಕಾರಗಳು ಹಳೆಯ ದೊರೆಗಳನ್ನು ಎಬ್ಬಿಸಿಕೊಂಡು ಬರುತ್ತವೆ. ಯಾವ ದೊರೆಯನ್ನು ಎಬ್ಬಿಸುತ್ತವೆ ಅನ್ನುವುದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಶಾಪುರನ ಸಾಸಾನಿ ವಂಶ 224ರಿಂದ 651ರವರೆಗೆ ಆಳಿತು. ಸುಮಾರು ಮೂವತ್ತು ದೊರೆಗಳು. ಅವರಲ್ಲಿ ಚೌಕದ ಹತ್ತಿರಕ್ಕೂ ಬರಲಾರದ ಒಬ್ಬನಿದ್ದಾನೆ: 399ರಿಂದ 420ರವರೆಗೆ ಆಳಿದ ಮೊದಲನೇ ಯಜ್ದೆಗರ್ದ್. ರೋಮನ್ನರು ಅವನ ಮುಂದೆ ಮಂಡಿಯೂರಲಿಲ್ಲ. ಮಗುವನ್ನು ನೋಡಿಕೋ ಅಂತ ಕೇಳಿಕೊಂಡರಂತೆ.

ಒಬ್ಬನೇ ದೊರೆ, ಎರಡು ಹೆಸರು

ಇಸ್ಲಾಂ ಕಾಲದ ಚರಿತ್ರೆಕಾರರಲ್ಲಿ ದೊಡ್ಡವನು ತಬರಿ. ಬಾಗ್ದಾದಿನಲ್ಲಿ ಅರಬ್ಬಿಯಲ್ಲಿ ಬರೆದವನು, 923ರಲ್ಲಿ ತೀರಿಕೊಂಡ. ಅವನು ಯಜ್ದೆಗರ್ದ್‌ನನ್ನು 'ಅಲ್-ಅಸೀಮ್' ಅನ್ನುತ್ತಾನೆ, ಅಂದರೆ ಪಾಪಿ. ಪರ್ಷಿಯನ್ ದೊರೆಗಳ ಕಥೆ ಹೇಳುವ ಮಹಾಕಾವ್ಯ ಶಾಹನಾಮೆಯನ್ನು ಸುಮಾರು 1010ರಲ್ಲಿ ಮುಗಿಸಿದ ಕವಿ ಫಿರ್ದೌಸಿಯಲ್ಲೂ ಇವನು ಪಾಪಿಯೇ, 'ಬಜೆಗರ್'. ಸಿಡುಕ, ಅನುಮಾನದ ಪ್ರಾಣಿ, ಯಾರ ಮಾತೂ ಕೇಳದವನು, ಚಿಕ್ಕ ತಪ್ಪಿಗೆ ದೊಡ್ಡ ಶಿಕ್ಷೆ ಕೊಡುವವನು.

ಗಡಿಯ ಆ ಕಡೆ ಹೋದರೆ ಬೇರೆಯೇ ಮನುಷ್ಯ. ಸಿರಿಯಾಕ್ ಭಾಷೆಯ ಕ್ರೈಸ್ತ ಬರಹಗಳಲ್ಲಿ ಅವನು ದಯಾಳು, ದೊರೆಗಳಲ್ಲೇ ಧನ್ಯ. ಗ್ರೀಕ್ ಚರಿತ್ರೆಕಾರ ಪ್ರೊಕೋಪಿಯಸ್ ಪ್ರಕಾರ, ರೋಮನ್ ಚಕ್ರವರ್ತಿ ಅರ್ಕಾಡಿಯಸ್ 408ರಲ್ಲಿ ಸಾಯುವ ಮುಂಚೆ ತನ್ನ ಎಳೆಯ ಮಗ ಥಿಯೋಡೋಸಿಯಸ್‌ನಿಗೆ ಈ ಪರ್ಷಿಯನ್ ದೊರೆಯನ್ನೇ ಪೋಷಕನನ್ನಾಗಿ ಉಯಿಲಿನಲ್ಲಿ ಬರೆದ. ಅದು ನಿಜವಾ ಅಂತ ಹಳೆಯ ಕಾಲದವರೇ ಅನುಮಾನ ಪಟ್ಟಿದ್ದರು. ಆದರೆ ಅವನು ಬದುಕಿರುವವರೆಗೆ ರೋಮಿನ ಮೇಲೆ ದಂಡೆತ್ತಿ ಹೋಗಲಿಲ್ಲ ಅನ್ನುವುದರಲ್ಲಿ ಅನುಮಾನವಿಲ್ಲ.

ಅವನು ತನ್ನ ಬಗ್ಗೆ ಏನು ಹೇಳಿಕೊಂಡ? ಅದಕ್ಕೆ ನಾಣ್ಯಗಳಿವೆ. ಬೆಳ್ಳಿಯ ದ್ರಮ್ಮದ ಮೇಲೆ ಅವನ ಹೆಸರಿನ ಜೊತೆ 'ರಾಮಶಹರ್' ಅಂತ ಬಿರುದು. ನಾಡಿನ ನೆಮ್ಮದಿ ಕಾಯುವವನು ಅಂತ ಅರ್ಥ. ಇಲ್ಲಿನ ರಾಮ್ ಅಯೋಧ್ಯೆಯ ರಾಮನಲ್ಲ. 'ಆರಾಮ್ ಇದೀರಾ' ಅಂತ ಕೇಳುತ್ತೇವಲ್ಲ, ಆ ಬಳಗದ ಮಾತು.

ಅವನಿಗಿಂತ ಮುಂಚಿನ ಮೂವರು

ಈ ಜಗಳ ಅರ್ಥವಾಗಬೇಕಾದರೆ ಯಜ್ದೆಗರ್ದ್ ಪಟ್ಟಕ್ಕೆ ಬರುವ ಮುಂಚಿನ ಇಪ್ಪತ್ತು ವರ್ಷ ನೋಡಬೇಕು. ಎರಡನೇ ಶಾಪುರ್ ಎಪ್ಪತ್ತು ವರ್ಷ ಆಳಿ 379ರಲ್ಲಿ ತೀರಿಕೊಂಡ. ಆಮೇಲೆ ಬಂದ ಮೂವರ ಗತಿ ಇದು. ಎರಡನೇ ಅರ್ದಶೀರ್ ಸರದಾರರ ಮೇಲೆ ಕೈಮಾಡಿದ. ನಾಲ್ಕೇ ವರ್ಷದಲ್ಲಿ ಅವರು ಅವನನ್ನು ಇಳಿಸಿದರು. ಮೂರನೇ ಶಾಪುರ್ ಡೇರೆಯಲ್ಲಿದ್ದಾಗ ಸರದಾರರು ಅದರ ಹಗ್ಗ ಕತ್ತರಿಸಿದರು. ಡೇರೆ ಮೈಮೇಲೆ ಬಿದ್ದು ಸತ್ತ. ನಾಲ್ಕನೇ ಬಹರಾಮ್‌ನನ್ನು 399ರಲ್ಲಿ ಅವನ ಕಡೆಯವರೇ ಬಾಣ ಬಿಟ್ಟು ಕೊಂದರು.

ಈ ಸರದಾರರು ಯಾರು? ಸೂರೆನ್, ಕಾರೆನ್, ಮಿಹ್ರಾನ್ ಥರದ ದೊಡ್ಡ ಮನೆತನಗಳು. ಸಾಸಾನಿಗಳಿಗಿಂತ ಹಿಂದೆ ಆಳಿದ ಪಾರ್ಥಿಯನ್ನರ ಕಾಲದಿಂದಲೂ ಬೇರು ಬಿಟ್ಟವರು. ಸ್ವಂತ ಭೂಮಿ, ಸ್ವಂತ ಸವಾರರು. ನಮ್ಮ ಪಾಳೆಯಗಾರರನ್ನು ನೆನೆಸಿಕೊಳ್ಳಿ, ಆದರೆ ಅವರಿಗಿಂತ ಹತ್ತು ಪಟ್ಟು ದೊಡ್ಡವರು. ಯುದ್ಧವಾದರೆ ದೊರೆ ಇವರ ಸೈನ್ಯವನ್ನೇ ನಂಬಬೇಕು. ಹೀಗಾಗಿ ಪಟ್ಟ ಕಟ್ಟುವವರೂ ಇವರೇ, ಬಿಚ್ಚುವವರೂ ಇವರೇ.

ಈ ಮೂವರ ಗತಿ ನೋಡಿ ಸಿಂಹಾಸನ ಹತ್ತಿದವನು ಅನುಮಾನದ ಪ್ರಾಣಿ ಆಗದೆ ಇನ್ನೇನಾದಾನು? ತಬರಿ ಅವನ ಅನುಮಾನವನ್ನು ಸ್ವಭಾವದ ದೋಷ ಅನ್ನುತ್ತಾನೆ. ನನಗೆ ಅದು ಕಣ್ಣಾರೆ ಕಂಡು ಕಲಿತ ಪಾಠದ ಥರ ಕಾಣುತ್ತದೆ.

'ನಿನಗೆಷ್ಟು ಕೊಟ್ಟ?'

ತಬರಿ ದೂರಿನ ಪಟ್ಟಿಯಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ. ಯಾರಾದರೂ ಬೇರೊಬ್ಬರ ಪರವಾಗಿ ದೊರೆಯ ಹತ್ತಿರ ಮಾತಾಡಲು ಬಂದರೆ ಅವನು ಕೇಳುತ್ತಿದ್ದನಂತೆ: ಯಾರ ಪರವಾಗಿ ಬಂದಿದ್ದೀಯೋ ಅವನು ನಿನಗೆ ಎಷ್ಟು ಕೊಡುತ್ತೇನೆ ಅಂದ? ಈಗಾಗಲೇ ಎಷ್ಟು ಕೊಟ್ಟಿದ್ದಾನೆ?

ಇದನ್ನು ಹೇಳಿರುವುದು ಅವನ ಒರಟುತನಕ್ಕೆ ಸಾಕ್ಷಿಯಾಗಿ. ಎರಡನೇ ಸಲ ಓದಿದರೆ ಬೇರೆ ಚಿತ್ರ ಕಾಣುತ್ತದೆ. ದರಬಾರಿನಲ್ಲಿ ಸರದಾರನ ಬೆಲೆ ನಿಂತಿರುವುದೇ ಶಿಫಾರಸಿನ ಮೇಲೆ. ಯಾರಿಗೋ ಕ್ಷಮೆ ಬೇಕು, ಯಾರಿಗೋ ಹುದ್ದೆ ಬೇಕು, ಯಾರದೋ ಜಮೀನು ತಗಾದೆಯಲ್ಲಿದೆ. ಎಲ್ಲರೂ ದೊಡ್ಡ ಮನೆ ಬಾಗಿಲಿಗೆ ಬರುತ್ತಾರೆ, ದೊಡ್ಡ ಮನೆಯವರು ದೊರೆ ಹತ್ತಿರ ಹೋಗುತ್ತಾರೆ. ಬಂದವರು ಬರಿಗೈಲಿ ಬರುವುದಿಲ್ಲ. ದರಬಾರು, ಸರದಾರ, ಶಿಫಾರಸು, ಮೂರೂ ನಮಗೆ ಪಾರಸಿಯಿಂದ ಬಂದ ಮಾತುಗಳು ಅನ್ನುವುದು ಸುಮ್ನೆ ಅಲ್ಲ. ಅಂಥ ಕಡೆ ಎಲ್ಲರ ಮುಂದೆ 'ನಿನಗೆಷ್ಟು ಕೊಟ್ಟ' ಅಂತ ಕೇಳಿದರೆ ಮಾನವೂ ಹೋಯಿತು, ವರಮಾನವೂ ಹೋಯಿತು.

ಇನ್ನೊಂದು ಕಡೆ ಯುದ್ಧ ನಿಂತಿತ್ತು. ರೋಮಿನ ಜೊತೆ ಶಾಂತಿ ಇದ್ದರೆ ವ್ಯಾಪಾರಿಗೆ ಲಾಭ. 408-409ರ ಸುಮಾರಿನ ಒಂದು ರೋಮನ್ ಕಾನೂನು ಎರಡು ದೇಶಗಳ ವ್ಯಾಪಾರಕ್ಕೆ ನಿಸಿಬಿಸ್, ಕಲ್ಲಿನಿಕಂ, ಅರ್ತಶಾತ್ ಅಂತ ಮೂರು ಪಟ್ಟಣಗಳನ್ನು ಗೊತ್ತು ಮಾಡುತ್ತದೆ. ಸುಂಕ ನೇರವಾಗಿ ಖಜಾನೆಗೆ ಬರುತ್ತದೆ. ಆದರೆ ಸವಾರರನ್ನು ಸಾಕಿಕೊಂಡಿರುವ ಸರದಾರನಿಗೆ ಶಾಂತಿಯಲ್ಲಿ ಏನು ಸಿಗುತ್ತದೆ? ಕೊಳ್ಳೆ ಇಲ್ಲ, ದಂಡನಾಯಕನ ಪಟ್ಟ ಇಲ್ಲ, ದೊರೆಗೆ ಅವನ ಅಗತ್ಯವೂ ಇಲ್ಲ. ಈ ಕೊನೆಯದೇ ಅವನಿಗೆ ಜಾಸ್ತಿ ಚುಚ್ಚಿರಬೇಕು.

ಅಂದಹಾಗೆ ದೊರೆ ಎಲ್ಲ ಸರದಾರರನ್ನೂ ದೂರ ಇಟ್ಟಿರಲಿಲ್ಲ. ಮಿಹ್ರ್-ನರ್ಸೆ ಅನ್ನುವ ದೊಡ್ಡ ಮನೆತನದವನನ್ನು ಮುಖ್ಯಮಂತ್ರಿ ಮಾಡಿದ್ದೂ ಇವನೇ ಅಂತ ತಬರಿ ಬರೆಯುತ್ತಾನೆ. ತನಗೆ ಬೇಕಾದವರನ್ನು ತಾನೇ ಆರಿಸಿಕೊಂಡ, ಅಷ್ಟೆ.

ಪುರೋಹಿತರಿಗೆ ಆದ ನಷ್ಟ

ಸರದಾರರ ಸಿಟ್ಟು ಸುಲಭವಾಗಿ ಅರ್ಥವಾಗುತ್ತದೆ. ಪುರೋಹಿತರ ಸಿಟ್ಟಿಗೆ ಇನ್ನೂ ಸ್ವಲ್ಪ ಹಿನ್ನೆಲೆ ಬೇಕು.

ನಾಲ್ಕನೇ ಶತಮಾನದ ಶುರುವಿನಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತನಾದ. ಅಲ್ಲಿಯವರೆಗೆ ಪರ್ಷಿಯಾದ ಕ್ರೈಸ್ತರು ಸುಮ್ನೆ ಇನ್ನೊಂದು ಪಂಗಡ. ಅವತ್ತಿನಿಂದ ಅವರು ವೈರಿಯ ಧರ್ಮದವರು. ರೋಮಿನ ಜೊತೆ ಹೋರಾಡುತ್ತಿದ್ದ ಎರಡನೇ ಶಾಪುರ್ ಅವರ ಮೇಲೆ ದುಪ್ಪಟ್ಟು ತೆರಿಗೆ ಹೇರಿದ. ಬಿಷಪ್ ಸಿಮಿಯೋನ್ ವಸೂಲಿ ಮಾಡಿಕೊಡಲು ಒಪ್ಪಲಿಲ್ಲ. ಅಲ್ಲಿಂದ ಸುಮಾರು ನಲವತ್ತು ವರ್ಷ ಬಿಟ್ಟು ಬಿಟ್ಟು ಕೊಲೆ, ಸೆರೆ.

ಯಜ್ದೆಗರ್ದ್ ಹಿಡಿದ ದಾರಿ ಬೇರೆ. ಕ್ರೈಸ್ತರು ರೋಮಿನ ಕಡೆ ನೋಡುತ್ತಾರೆ ಅನ್ನುವ ಭಯ ತಾನೆ? ಹಾಗಾದರೆ ಅವರ ಮುಖ ತನ್ನ ಕಡೆ ತಿರುಗಿಸಬೇಕು. ರೋಮಿನ ರಾಯಭಾರಿಯಾಗಿ ಬಂದ ಮಾರೂಥಾ ಅನ್ನುವ ಬಿಷಪ್ ಇದಕ್ಕೆ ನೆರವಾದ. 410ರಲ್ಲಿ ದೊರೆಯ ಅಪ್ಪಣೆಯಂತೆ ರಾಜಧಾನಿ ಸೆಲೂಶಿಯಾ-ಕ್ಟೆಸಿಫಾನ್‌ನಲ್ಲಿ ಬಿಷಪ್‌ಗಳ ಸಭೆ ಸೇರಿತು. ಸುಮಾರು ನಲವತ್ತು ಜನ. ರಾಜಧಾನಿಯ ಬಿಷಪ್ ಐಸಾಕ್‌ನನ್ನು ಇಡೀ ರಾಜ್ಯದ ಕ್ರೈಸ್ತರಿಗೆ ಮುಖ್ಯಸ್ಥ ಅಂತ ಒಪ್ಪಿದರು. ಅವನ ಮಾತಿಗೆ ದೊರೆಯ ಆಜ್ಞೆಯ ಬೆಂಬಲ. ಬಿದ್ದ ಚರ್ಚುಗಳು ಎದ್ದವು, ಸೆರೆಯಲ್ಲಿದ್ದವರು ಹೊರಗೆ ಬಂದರು.

ದಯೆ ಅಂತ ಕರೆಯಿರಿ, ಲೆಕ್ಕಾಚಾರ ಅಂತ ಕರೆಯಿರಿ. ಎರಡೂ ಇತ್ತು ಅನ್ನಿಸುತ್ತದೆ. ಮುಖ್ಯಸ್ಥ ಒಬ್ಬನಿದ್ದರೆ ತೆರಿಗೆ ವಸೂಲಿಯಿಂದ ಹಿಡಿದು ನಿಷ್ಠೆಯವರೆಗೆ ಎಲ್ಲಕ್ಕೂ ಒಬ್ಬನನ್ನೇ ಕೇಳಬಹುದು. ಯೆಹೂದ್ಯರ ವಿಷಯದಲ್ಲೂ ಅದೇ. ಅವರ ಧರ್ಮಗ್ರಂಥ ತಾಲ್ಮೂದಿನಲ್ಲಿ ಒಂದು ಚಿಕ್ಕ ಪ್ರಸಂಗ ಇದೆ. ಯೆಹೂದ್ಯ ಮುಖಂಡ ಹೂನಾ ಬರ್ ನಾಥನ್ ದೊರೆಯ ಮುಂದೆ ನಿಂತಿದ್ದಾನೆ. ಅವನ ನಡುಪಟ್ಟಿ ಸ್ವಲ್ಪ ಮೇಲಕ್ಕೆ ಸರಿದಿದೆ. ದೊರೆ ತನ್ನ ಕೈಯಿಂದಲೇ ಅದನ್ನು ಕೆಳಗೆ ಎಳೆದು ಸರಿ ಮಾಡುತ್ತಾನೆ. ನೀವು ಯಾಜಕರ ರಾಜ್ಯ, ಪವಿತ್ರ ಜನಾಂಗ ಅಂತ ನಿಮ್ಮ ಗ್ರಂಥದಲ್ಲೇ ಇದೆಯಲ್ಲ, ಯಾಜಕರ ಹಾಗೇ ಪಟ್ಟಿ ಕಟ್ಟಿಕೋ ಅನ್ನುತ್ತಾನೆ. ಪಾಪಿ ಅನ್ನಿಸಿಕೊಂಡ ದೊರೆ ಬೇರೆ ಧರ್ಮದವನ ಗ್ರಂಥದ ಮಾತು ಹೇಳುತ್ತಾ ಅವನ ಪಟ್ಟಿ ಸರಿ ಮಾಡುತ್ತಿದ್ದಾನೆ. ಹಳೆಯ ಪಾರಸಿಯಾದ ಪಹ್ಲವಿಯ ಒಂದು ಪಟ್ಟಣಗಳ ಪಟ್ಟಿಯಂತೂ ಯೆಹೂದ್ಯ ಮುಖ್ಯಸ್ಥನ ಮಗಳು ಶೋಶನ್‌ದುಖ್ತ್ ಅವನ ರಾಣಿ ಅನ್ನುತ್ತದೆ.

ಈಗ ಮೊಬೆದರ, ಅಂದರೆ ಜರತುಷ್ಟ್ರ ಪುರೋಹಿತರ, ಜಾಗದಲ್ಲಿ ನಿಂತು ನೋಡಿ. ಸಿಂಹಾಸನವೂ ಬೆಂಕಿಗುಡಿಯೂ ಒಂದಕ್ಕೊಂದು ಆಸರೆ ಅನ್ನುವುದು ಅವರ ನಂಬಿಕೆ. ನ್ಯಾಯ ಹೇಳುವವರು ಅವರು, ಗುಡಿಗಳ ಆಸ್ತಿ ನೋಡಿಕೊಳ್ಳುವವರು ಅವರು. ಈಗ ದೊರೆಗೆ ಇನ್ನೂ ಎರಡು ಧರ್ಮದ ಮುಖ್ಯಸ್ಥರು ಬೇಕಾಗಿದ್ದಾರೆ. ಜೊತೆಗೆ ದೊಡ್ಡ ಮನೆತನಗಳ ಕೆಲವರು ಕ್ರೈಸ್ತರಾಗತೊಡಗಿದ್ದರು.

ಕಾನ್‌ಸ್ಟಾಂಟಿನೋಪಲ್‌ನ ಸಾಕ್ರಟೀಸ್ (ಗ್ರೀಕ್ ತತ್ವಜ್ಞಾನಿ ಅಲ್ಲ, ಐದನೇ ಶತಮಾನದ ಚರ್ಚ್ ಚರಿತ್ರೆಕಾರ) ಒಂದು ಕಥೆ ಹೇಳುತ್ತಾನೆ. ಮಾರೂಥಾ ದೊರೆಯ ತಲೆನೋವು ವಾಸಿ ಮಾಡಿದನಂತೆ. ಪುರೋಹಿತರು ಹೆದರಿ, ಬೆಂಕಿಗುಡಿಯ ಕೆಳಗೆ ಗುಂಡಿ ತೋಡಿ ಒಬ್ಬನನ್ನು ಬಚ್ಚಿಟ್ಟರಂತೆ. ದೊರೆ ಪೂಜೆಗೆ ಬಂದಾಗ ನೆಲದೊಳಗಿಂದ 'ಈ ದೊರೆಯನ್ನು ಹೊರಗೆ ಹಾಕಿ' ಅಂತ ದನಿ! ಮಾರೂಥಾ ಅನುಮಾನ ಪಟ್ಟ, ನೆಲ ಅಗೆಸಿದರೆ ಮನುಷ್ಯ ಸಿಕ್ಕ. ದೊರೆ ಪುರೋಹಿತರಲ್ಲಿ ಹತ್ತಕ್ಕೊಬ್ಬರಂತೆ ಕೊಲ್ಲಿಸಿದ.

ಕಥೆ ಚೆನ್ನಾಗಿದೆ, ಅದಕ್ಕೇ ಪೂರ್ತಿ ನಂಬುವುದು ಕಷ್ಟ. ಆದರೆ ಒಂದು ವಿಷಯ ಗಮನಿಸಿ. ದೊರೆ ಆಗಲೂ ಬೆಂಕಿಗುಡಿಗೆ ಪೂಜೆಗೆ ಹೋಗುತ್ತಿದ್ದ ಅಂತ ಇಲ್ಲಿ ಹೇಳುತ್ತಿರುವವನು ಕ್ರೈಸ್ತ.

ಹೊಗಳಿದವರ ಬಾಯಿಯೂ ಕಹಿಯಾಯಿತು

ಹಾಗಾದರೆ ಕ್ರೈಸ್ತರ ಮಾತು ನಂಬಿ, ಪುರೋಹಿತರ ಮಾತು ಬಿಟ್ಟುಬಿಡೋಣವೇ? ಅದೂ ಆಗುವುದಿಲ್ಲ. ಹೊಗಳಿದವರಿಗೂ ಲಾಭ ಇತ್ತು.

ಅವನ ಆಳ್ವಿಕೆಯ ಕೊನೆಯಲ್ಲಿ ಖೂಜಿಸ್ತಾನದ ಹೊರ್ಮಿಜ್ದ್-ಅರ್ದಶೀರ್ ಪಟ್ಟಣದಲ್ಲಿ ಒಂದು ಬೆಂಕಿಗುಡಿ ನೆಲಕ್ಕುರುಳಿತು. ಬಿಷಪ್ ಅಬ್ದಾ ಮತ್ತು ಅವನ ಕಡೆಯವರ ಕೆಲಸ. ದೊರೆ ಕರೆಸಿದ, ಮೊದಲು ಮೆತ್ತಗೇ ಕೇಳಿದ: ಕೆಡವಿದ್ದನ್ನು ಮತ್ತೆ ಕಟ್ಟಿಕೊಡು. ಅಬ್ದಾ ಒಪ್ಪಲಿಲ್ಲ. ಅವನ ತಲೆ ಹೋಯಿತು. ಈ ಪ್ರಸಂಗ ಬರೆದ ಥಿಯೊಡೊರೆಟ್ ಸ್ವತಃ ಬಿಷಪ್. ಗುಡಿ ಕೆಡವಿದ್ದು ತಪ್ಪು ಅಂತ ಅವನೂ ಒಪ್ಪುತ್ತಾನೆ. ಆದರೆ ಮತ್ತೆ ಕಟ್ಟದೆ ಸತ್ತದ್ದನ್ನು ಮೆಚ್ಚುತ್ತಾನೆ.

ಇಲ್ಲಿ ದೊರೆಯ ಮಿತಿ ಗೊತ್ತಾಗುತ್ತದೆ. ಅವನು ಕೊಟ್ಟಿದ್ದು ತನ್ನ ಅಪ್ಪಣೆಯೊಳಗಿನ ಜಾಗ. ಗುಡಿ ಕೆಡವಿದರೆ ಅದು ಧರ್ಮದ ವಿಷಯವಾಗಿ ಉಳಿಯುವುದಿಲ್ಲ, ರಾಜ್ಯದ ನೆಮ್ಮದಿಗೆ ಬಿದ್ದ ಪೆಟ್ಟು. ರಾಮಶಹರ್ ಅನ್ನಿಸಿಕೊಂಡವನು ಅದನ್ನು ಬಿಟ್ಟುಕೊಡುವಂತಿರಲಿಲ್ಲ. ಇಪ್ಪತ್ತು ವರ್ಷ ಪುರೋಹಿತರನ್ನು ಎದುರು ಹಾಕಿಕೊಂಡವನು ಕೊನೆಗೆ ಅವರ ಗುಡಿಗಾಗಿಯೇ ಬಿಷಪ್‌ನನ್ನು ಕೊಂದ. ಆಗಲೂ ಪುರೋಹಿತರು ಅವನನ್ನು ಕ್ಷಮಿಸಲಿಲ್ಲ.

ನೀರಿನಿಂದ ಬಂದ ಕುದುರೆ

ಅವನ ಸಾವಿನ ಕಥೆ ಚರಿತ್ರೆಗಿಂತ ಅಜ್ಜಿಕಥೆಗೆ ಹತ್ತಿರ. ತಬರಿಯಲ್ಲಿ ಸಾವು ಕ್ಯಾಸ್ಪಿಯನ್ ಪಕ್ಕದ ಗುರ್ಗಾನ್‌ನಲ್ಲಿ. ಎಲ್ಲಿಂದಲೋ ಒಂದು ಚೆಂದದ ಕುದುರೆ ಬಂದು ಬಾಗಿಲಲ್ಲಿ ನಿಂತಿತು. ಯಾರನ್ನೂ ಹತ್ತಿರ ಬಿಡಲಿಲ್ಲ. ದೊರೆ ತಾನೇ ಎದ್ದುಹೋದ. ಕಡಿವಾಣ ಹಾಕಿಸಿಕೊಂಡಿತು, ಜೀನು ಹಾಕಿಸಿಕೊಂಡಿತು. ಬಾಲದ ಕೆಳಗೆ ಪಟ್ಟಿ ಕಟ್ಟಲು ಬಾಲ ಎತ್ತಿದ್ದೇ ತಡ, ಎದೆಗೆ ಒಂದೇ ಒದೆತ. ದೊರೆ ಸತ್ತ, ಕುದುರೆ ಮಾಯ. ಫಿರ್ದೌಸಿಯಲ್ಲಿ ಜಾಗ ತೂಸ್ ಹತ್ತಿರದ ಒಂದು ಬುಗ್ಗೆ, ಕುದುರೆ ನೀರಿನಿಂದಲೇ ಎದ್ದು ಬರುತ್ತದೆ.

ತಬರಿಯ ಸಾಸಾನಿ ಭಾಗವನ್ನು 1879ರಲ್ಲಿ ಜರ್ಮನ್ನಿಗೆ ತಂದ ಥಿಯೊಡೋರ್ ನೋಲ್ಡಕೆ ಇದನ್ನು ನಂಬಲಿಲ್ಲ. ರಾಜಧಾನಿಯಿಂದ ಅಷ್ಟು ದೂರದಲ್ಲಿ ಸರದಾರರೇ ಮುಗಿಸಿ, ದೇವರು ಕಳಿಸಿದ ಕುದುರೆ ಅಂತ ಕಥೆ ಕಟ್ಟಿದರು ಅಂದ. ಸಹಜವಾಗಿ ಸತ್ತಿರಬಹುದು ಅನ್ನುವವರೂ ಇದ್ದಾರೆ. ಆದರೆ ಆಮೇಲೆ ನಡೆದದ್ದನ್ನು ನೋಡಿದರೆ ನೋಲ್ಡಕೆಯ ಅನುಮಾನಕ್ಕೆ ತೂಕ ಬರುತ್ತದೆ.

ಅಪ್ಪನ ಹೆಸರು ಕೊಟ್ಟು ಸಿಂಹಾಸನ ತಗೊಂಡ ಮಗ

ಸರದಾರರೂ ಪುರೋಹಿತರೂ ಸೇರಿ ಯಜ್ದೆಗರ್ದ್‌ನ ಮಕ್ಕಳಲ್ಲಿ ಯಾರಿಗೂ ಪಟ್ಟ ಕೊಡಬಾರದು ಅಂತ ತೀರ್ಮಾನಿಸಿದರು. ಅರ್ಮೇನಿಯಾ ಆಳುತ್ತಿದ್ದ ಮಗ ಶಾಪುರ್ ರಾಜಧಾನಿಗೆ ಓಡಿ ಬಂದ, ಅವನನ್ನು ಕೊಂದರು. ಖುಸ್ರೋ ಅನ್ನುವ ದೂರದ ನೆಂಟನನ್ನು ಕೂರಿಸಿದರು. ಇನ್ನೊಬ್ಬ ಮಗ ಬಹರಾಮ್ ಯೂಫ್ರೆಟಿಸ್ ಪಕ್ಕದ ಹೀರಾದಲ್ಲಿ ಅರಬ್ ದೊರೆಗಳ ಆಸರೆಯಲ್ಲಿ ಬೆಳೆದವನು. ಅವನು ಅರಬ್ ಸೈನ್ಯ ಕಟ್ಟಿಕೊಂಡು ಬಂದ.

ಎರಡು ಸಿಂಹಗಳ ಮಧ್ಯೆ ಕಿರೀಟ ಇಟ್ಟು, ತೆಗೆದುಕೊಂಡವನೇ ದೊರೆ ಅಂದ ಕಥೆ ಶಾಹನಾಮೆ ಓದಿದವರಿಗೆಲ್ಲ ಗೊತ್ತು. ಬಹರಾಮ್ ಸಿಂಹಗಳನ್ನು ಕೊಂದು ಕಿರೀಟ ತಗೊಂಡ. ಆದರೆ ಅದಕ್ಕೂ ಮುಂಚೆ ತಬರಿಯಲ್ಲಿ ಒಂದು ಮಾತುಕತೆ ಬರುತ್ತದೆ. ಸರದಾರರು ಅವನ ಅಪ್ಪನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಆಡುತ್ತಾರೆ. ಬಹರಾಮ್ ಒಂದಕ್ಕೂ ಎದುರಾಡುವುದಿಲ್ಲ. ನೀವು ಹೇಳಿದ್ದೆಲ್ಲ ನಿಜ, ನನಗೂ ಅದು ಹಿಡಿಸುತ್ತಿರಲಿಲ್ಲ, ಕೆಡಿಸಿದ್ದನ್ನು ನಾನು ಸರಿ ಮಾಡುತ್ತೇನೆ ಅನ್ನುತ್ತಾನೆ.

ನನಗೆ ಸಿಂಹಗಳಿಗಿಂತ ಈ ಮಾತುಕತೆಯೇ ಮುಖ್ಯ ಅನ್ನಿಸುತ್ತದೆ. ಬೈಗುಳವಾಗಿದ್ದ 'ಪಾಪಿ' ಅಲ್ಲಿಂದ ರಾಜ್ಯದ ಅಧಿಕೃತ ಮಾತಾಯಿತು. ಸಾಸಾನಿಗಳ ಕೊನೆಯ ಕಾಲದಲ್ಲಿ ದರಬಾರಿನಲ್ಲಿ 'ದೊರೆಗಳ ಪುಸ್ತಕ' ಸಿದ್ಧವಾದಾಗ ಬರೆದವರು, ಬರೆಸಿದವರು ಇದೇ ವರ್ಗದವರು. ಆ ಪುಸ್ತಕ ಈಗ ಸಿಗುವುದಿಲ್ಲ. ತಬರಿಗೂ ಫಿರ್ದೌಸಿಗೂ ಕಥೆ ಹರಿದು ಬಂದದ್ದು ಅದರಿಂದ. ಅವರಿಬ್ಬರು ಸುಳ್ಳು ಬರೆದರು ಅನ್ನುವುದು ಅನ್ಯಾಯ. ಐದಾರು ನೂರು ವರ್ಷ ಹಿಂದೆ ನಡೆದ ಒಪ್ಪಂದವನ್ನು ಅವರು ತಿಳಿಯದೆ ನಕಲು ಮಾಡಿಕೊಂಡರು.

ಆಮೇಲೆ ಏನಾಯಿತು

ಬಹರಾಮ್ ಬಂದ ಮೇಲೆ ಕ್ರೈಸ್ತರ ಮೇಲೆ ದಬ್ಬಾಳಿಕೆ ಜೋರಾಯಿತು. ಜನ ರೋಮಿನ ಕಡೆ ಓಡಿದರು, ವಾಪಸ್ ಕಳಿಸಿ ಅಂದರೆ ರೋಮ್ ಒಪ್ಪಲಿಲ್ಲ. 421ರಲ್ಲಿ ಯುದ್ಧ, 422ರಲ್ಲಿ ಸಂಧಿ. ಆಶ್ಚರ್ಯ ಏನೆಂದರೆ ಯಜ್ದೆಗರ್ದ್ ಕಟ್ಟಿದ ವ್ಯವಸ್ಥೆ ಮುರಿಯಲಿಲ್ಲ. 424ರಲ್ಲಿ ಪರ್ಷಿಯಾದ ಬಿಷಪ್‌ಗಳು ಮತ್ತೆ ಸೇರಿ, ತಮ್ಮ ಮುಖ್ಯಸ್ಥನ ಮೇಲೆ ಪಶ್ಚಿಮದ ಬಿಷಪ್‌ಗಳಿಗೆ ದೂರು ಒಯ್ಯುವಂತಿಲ್ಲ ಅಂತ ತೀರ್ಮಾನಿಸಿದರು. ದೊರೆ ಬಯಸಿದ್ದೂ ಅದನ್ನೇ ಅಲ್ವಾ? ಆ ಚರ್ಚು ಸಮುದ್ರ ದಾಟಿ ನಮ್ಮ ಕರಾವಳಿಗೂ ಬಂತು. ಆರನೇ ಶತಮಾನದಲ್ಲಿ ಕೊಸ್ಮಾಸ್ ಎಂಬ ವ್ಯಾಪಾರಿ, ಮೆಣಸು ಬೆಳೆಯುವ 'ಮಲೆ'ಯಲ್ಲಿ ಕ್ರೈಸ್ತರಿದ್ದಾರೆ, 'ಕಲ್ಲಿಯಾನ'ದಲ್ಲಿ ಪರ್ಷಿಯಾದಲ್ಲಿ ದೀಕ್ಷೆ ಪಡೆದ ಬಿಷಪ್ ಇದ್ದಾನೆ ಅಂತ ಬರೆದ. ಕಲ್ಲಿಯಾನ ಅಂದರೆ ಮುಂಬೈ ಹತ್ತಿರದ ಕಲ್ಯಾಣ ಅನ್ನುವವರಿದ್ದಾರೆ, ಉಡುಪಿ ಹತ್ತಿರದ ಕಲ್ಯಾಣಪುರ ಅನ್ನುವವರೂ ಇದ್ದಾರೆ.

ಸರದಾರ, ಪುರೋಹಿತ, ದೊರೆ ಈ ಮೂವರ ಜಗ್ಗಾಟವೂ ಮುಗಿಯಲಿಲ್ಲ. 579ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೇ ಹೊರ್ಮಿಜ್ದ್‌ನಿಗೆ ಪುರೋಹಿತರು ಕ್ರೈಸ್ತರನ್ನು ಹತ್ತಿಕ್ಕು ಅಂದರು. ಸಿಂಹಾಸನ ಮುಂದಿನ ಎರಡು ಕಾಲಿನ ಮೇಲೆ ಮಾತ್ರ ನಿಲ್ಲುತ್ತದೆಯೇ, ಹಿಂದಿನ ಎರಡೂ ಬೇಡವೇ ಅಂತ ಅವನು ತಿರುಗಿ ಕೇಳಿದ. 590ರಲ್ಲಿ ಸರದಾರರು ಅವನ ಕಣ್ಣು ಕೀಳಿಸಿದರು, ಆಮೇಲೆ ಕೊಂದರು.

ಚೌಕದಲ್ಲಿ ಯಾರಿಗೆ ಜಾಗ?

ಈಗ ಟೆಹ್ರಾನಿಗೆ ವಾಪಸ್ ಬರೋಣ. 1971ರಲ್ಲಿ ಇರಾನಿನ ಕೊನೆಯ ರಾಜ ಷಾ ಹಳೆಯ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ 2500 ವರ್ಷದ ರಾಜವೈಭವ ಮೆರೆಸಿದಾಗ ಆರಿಸಿಕೊಂಡಿದ್ದು ಮೊದಲ ಪರ್ಷಿಯನ್ ಸಾಮ್ರಾಜ್ಯ ಕಟ್ಟಿದ ಸೈರಸ್‌ನನ್ನು. ಹಾಗಾಗಿ ಸೈರಸ್ ಈಗಿನ ಸರ್ಕಾರಕ್ಕೆ ತೊಡಕಿನ ಮನುಷ್ಯ. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಅವನ ಸಮಾಧಿ ಹತ್ತಿರ ಸೇರಿ ಸರ್ಕಾರದ ವಿರುದ್ಧ ಕೂಗಿದಾಗ ಪೊಲೀಸರು ಬಂಧಿಸಿದ್ದರು. ಶಾಪುರನಲ್ಲಿ ಆ ತೊಂದರೆ ಇಲ್ಲ. ಅವನು ಪಶ್ಚಿಮದವರನ್ನು ಮಂಡಿಯೂರಿಸಿದವನು. ಇವತ್ತಿಗೆ ಬೇಕಾದ ಚಿತ್ರ ಅಷ್ಟೇ. ಆದರೆ ಒಬ್ಬ ರಾಜನಿಗೆ ಬಾಗಿಲು ತೆಗೆದ ಮೇಲೆ ಉಳಿದವರನ್ನು ಹೊರಗೆ ನಿಲ್ಲಿಸುವುದು ಸುಲಭವಲ್ಲ. ಸೈರಸ್‌ಗೆ ಜೈ ಅನ್ನುವವರನ್ನು ಇನ್ನು ಯಾವ ಬಾಯಲ್ಲಿ ತಡೆಯುವುದು?

ಯಜ್ದೆಗರ್ದ್‌ನನ್ನು ಮಾತ್ರ ಎರಡೂ ಕಡೆಯವರು ಕೇಳುವ ಹಾಗಿಲ್ಲ. ಷಾ ಪರದವರಿಗೆ ಅವನಲ್ಲಿ ದಿಗ್ವಿಜಯ ಇಲ್ಲ. ಪುರೋಹಿತರೇ ಆಳುವ ದೇಶಕ್ಕೆ, ಪುರೋಹಿತರ ಮಾತು ಕೇಳದ ದೊರೆ ಬೇಡ. ಆದರೂ ಅವನ ಲೆಕ್ಕದ ಒಂದು ತುಂಡು ಅಲ್ಲಿ ಉಳಿದಿದೆ ಅನ್ನಬಹುದು. ಇರಾನಿನ ಸಂಸತ್ತಿನಲ್ಲಿ ಅರ್ಮೇನಿಯನ್ನರಿಗೆ ಎರಡು, ಅಸ್ಸೀರಿಯನ್ ಕ್ರೈಸ್ತರಿಗೆ ಒಂದು, ಯೆಹೂದ್ಯರಿಗೆ ಒಂದು, ಜರತುಷ್ಟ್ರರಿಗೆ ಒಂದು ಮೀಸಲು ಕುರ್ಚಿ ಇವೆ. ಜಾಗ ಕೊಡುವುದು, ಎಲ್ಲೆಯನ್ನು ತಾನೇ ಗೆರೆ ಎಳೆದು ಇಡುವುದು. ಅಬ್ದಾನಿಗೆ ಈ ಏರ್ಪಾಡು ಚೆನ್ನಾಗಿ ಗೊತ್ತಿತ್ತು. ಒಂದೇ ವ್ಯತ್ಯಾಸ, ಅವತ್ತು ಜಾಗ ಕೊಡುತ್ತಿದ್ದ ಧರ್ಮ ಇವತ್ತು ಒಂದು ಕುರ್ಚಿಯಲ್ಲಿ ಕೂತಿದೆ.

ಶಾಪುರನ ಹಾಗೆ ಯಜ್ದೆಗರ್ದ್‌ನಿಗೆ ಬಂಡೆಯಲ್ಲಿ ಕೆತ್ತಿದ ಚಿತ್ರ ಇಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಾರಂಗವನ್ನು ಕೊಲ್ಲುತ್ತಿರುವ ದೊರೆಯ ಬೆಳ್ಳಿ ತಟ್ಟೆ ಒಂದಿದೆ. ಕಿರೀಟ ನೋಡಿ ಅವನೇ ಅಂತ ಗುರುತಿಸಿದ್ದಾರೆ. ಅದು ಬಿಟ್ಟರೆ ನಾಣ್ಯಗಳು. ಒಂದು ಮುಖದಲ್ಲಿ ಅವನ ಮುಖ, ರಾಮಶಹರ್ ಅನ್ನುವ ಬಿರುದು. ಮಗುಚಿದರೆ, ವಂಶದ ಬಹುತೇಕ ದೊರೆಗಳ ನಾಣ್ಯದಲ್ಲಿರುವ ಹಾಗೇ, ಎರಡು ಪಕ್ಕ ಇಬ್ಬರು ನಿಂತು ಕಾಯುತ್ತಿರುವ ಬೆಂಕಿಯ ವೇದಿಕೆ.